ಯಮನೂರಪ್ಪನ ಎಡಗಾಲು

ಯಮನೂರಪ್ಪ ಎಲ್ಲಿ ಕುಳಿತರೂ ಅವನ ಎಡಗಾಲು ಕೂರುತ್ತಿರಲಿಲ್ಲ. ಬಸ್ಸಿನ ಸೀಟಿನಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ, ಊಟದ ತಾಟಿನ ಮುಂದೆ, ಹಿಮ್ಮಡಿಯನ್ನು ನೆಲಕ್ಕೂರಿ ಮುಂಗಾಲಿನಿಂದ ಕುಟ್ಟುತ್ತಲೇ ಇರುತ್ತಿದ್ದ. ಬಲಗಾಲು ಪಾಳಿ ಮುಗಿಸಿ ಬಂದ ಗಂಡಸಿನ ಹಾಗೆ ಪಕ್ಕದಲ್ಲಿ ಚಾಚಿಕೊಂಡಿರುತ್ತಿತ್ತು. ಎದುರಿಗಿದ್ದವರು ರೇಗಿ ಆ ಕಾಲನ್ನು ಸುಮ್ಮನಿಡು ಎಂದರೆ, "ಅದರ ಸಾಲಿ ಇನ್ನೂ ಬಿಟ್ಟಿಲ್ರಿ" ಎಂದು ಹೇಳಿ, ಎರಡು ನಿಮಿಷ ತಡೆದು ಮತ್ತೆ ಶುರು ಮಾಡುತ್ತಿದ್ದ.

ನಾವು ಮೂವರು ಸೇರಿ ಮಾಡಿದ ಒಂದು ಹಾಡು ಇಂಟರ್ನೆಟ್ಟಿನಲ್ಲಿ ಈಗಲೂ ಇದೆ. ಕಳೆದ ವಾರವೂ ಅದರ ಕೆಳಗೆ ಯಾರೋ ಒಬ್ಬ ಬರೆದಿದ್ದ: ಡ್ರಮ್ ಬಾರಿಸಿದ್ದು ಕಂಪ್ಯೂಟರು, ಮನುಷ್ಯನ ಕಾಲಿಗೆ ಇದು ಸಾಧ್ಯವಿಲ್ಲ. ಸಾಧ್ಯವಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ನಾನು ನೋಡಿದ್ದೇನೆ ಎನ್ನುವುದಕ್ಕಿಂತ ಹೆಚ್ಚಿನ ಪುರಾವೆ ಈಗ ಎಲ್ಲೂ ಇಲ್ಲ. ಇಲ್ಲದ ಹಾಗೆ ಮಾಡಿದವನು ನಾನೇ. ಆ ಅಪರಿಚಿತನ ಮೇಲೆ ನನಗೆ ಬರುವ ಸಿಟ್ಟಿಗೆ ಅರ್ಧ ದಾರಿಯಲ್ಲೇ ಉಸಿರು ಕಟ್ಟುವುದು ಇದಕ್ಕೇ.

ಯಮನೂರಪ್ಪ ನಮ್ಮ ಅಂಗಡಿಗೆ ಮೊದಲು ಬಂದದ್ದು ತಾಯಿಯ ಜೊತೆ, ಸೀರೆ ಕೊಳ್ಳಲು. ಪಣಜಿಯಿಂದ ಒಂದು ತಾಸಿನ ದಾರಿಯ ಫೋಂಡಾದ ಮಾರ್ಕೆಟ್ಟಿನಲ್ಲಿರುವ ಆ ಬಟ್ಟೆಯಂಗಡಿಯನ್ನು ತೆರೆದವರು ಧಾರವಾಡದಿಂದ ಬಂದ ನನ್ನಜ್ಜ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದೇನು ಎಂದು ತಿಳಿಯದೆ ನಾನು ಅಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದ ಕಾಲ ಅದು. ಮಳೆಗಾಲ ಎಂದು ನನ್ನ ನೆನಪು. ಅವನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವನ ತಾಯಿಯ ಕಂಕುಳಲ್ಲಿ ಕಲ್ಲಂಗಡಿ ಹಣ್ಣಿತ್ತು ಎಂಬುದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಕಲ್ಲಂಗಡಿ ಬೇಸಿಗೆಯ ಹಣ್ಣು, ಎರಡೂ ಒಟ್ಟಿಗೆ ನಿಜವಾಗಿರಲಾರವು. ಯಾವುದನ್ನು ಬಿಡಬೇಕೆಂದು ತಿಳಿಯದೆ ಎರಡನ್ನೂ ಬರೆದಿದ್ದೇನೆ. ಮುಂದೆ ಹೇಳುವುದನ್ನು ಓದುವಾಗ ನನ್ನ ತಲೆ ಇಂಥದ್ದು ಎಂಬುದು ನಿಮಗೆ ತಿಳಿದಿರಲಿ.

ನನ್ನ ಫೋನಿನಲ್ಲಿ ಯಾವುದೋ ಪರದೇಶಿ ತಂಡದ ಡೆತ್ ಮೆಟಲ್ ಹಾಡು ಸಣ್ಣ ದನಿಯಲ್ಲಿ ಓಡುತ್ತಿತ್ತು. ತಾಯಿ ಸೆರಗನ್ನು ಬೆರಳಿನಿಂದ ತಿಕ್ಕಿ ಬಣ್ಣ ನೋಡುತ್ತಿದ್ದಳು. ಮಗ ಕೌಂಟರಿನ ಮೇಲೆ ಬಗ್ಗಿ ಫೋನಿಗೆ ಕಿವಿ ತಂದ. ಬೇರೆಯವರೆಲ್ಲ ಕೇಳುವಂತೆ ಇದೇನು ಹಂದಿ ಕೂಗು ಎಂದು ಅವನು ಕೇಳಲಿಲ್ಲ. "ಇದರಾಗ ಡ್ರಮ್ಮಿನಂವ ಒಂದ ಕಡೆ ಜಾರಾಕತ್ತಾನ್ರಿ ಸಾವಕಾರ್ರ" ಅಂದ. ನಾನು ನಕ್ಕುಬಿಟ್ಟೆ. ಅವರು ಹೋದ ಮೇಲೆ ಹಾಡನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿದೆ. ಜಾರಿದ್ದ.

ಬ್ರೂಟಲ್ ಡೆತ್ ಮೆಟಲ್ ಬರೀ ಗದ್ದಲ ಎನ್ನುವವರೊಡನೆ ನಾನು ಜಗಳವಾಡುವುದನ್ನು ಬಿಟ್ಟು ಬಹಳ ದಿನವಾಯಿತು. ಗಿಟಾರಿನ ತಂತಿಗಳನ್ನು ಜೋಲು ಬೀಳುವಷ್ಟು ಕೆಳಗಿನ ಶ್ರುತಿಗೆ ಇಳಿಸಿರುತ್ತಾರೆ; ಹಾಡುವವನ ದನಿ ಚರಂಡಿಯ ಒಳಗಿನಿಂದ ಬಂದಂತಿರುತ್ತದೆ; ಒಂದು ಪದವೂ ತಿಳಿಯುವುದಿಲ್ಲ. ಎಲ್ಲವೂ ನಿಜ. ಆದರೆ ಆ ಕೆಸರಿನ ತಳದಲ್ಲಿ ಗಡಿಯಾರದಷ್ಟು ಕಟ್ಟುನಿಟ್ಟಾದ ಲೆಕ್ಕವಿದೆ. ನಾಲ್ಕು ನಾಲ್ಕರಲ್ಲಿ ನಡೆಯುವ ಹಾಡಲ್ಲ ಅದು. ಹನ್ನೊಂದು, ಹದಿಮೂರು, ಹದಿನೇಳು. ಒಂದು ಸುತ್ತು ಕಿವಿಗೆ ಹೊಂದುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಎರಡೂ ಕಾಲು ಎರಡು ಪೆಡಲಿನ ಮೇಲೆ, ಒಂದು ಸೆಕೆಂಡಿಗೆ ಹದಿನಾರು ಪೆಟ್ಟಿನವರೆಗೆ ದೊಡ್ಡ ಡ್ರಮ್ಮನ್ನು ಹೊಡೆಯಬೇಕು. ಆಗ ಎಡಗಾಲು ಬಲಗಾಲಿನ ಚಾಕರಿಯವನಂತೆ ಹಿಂದೆ ಬಿದ್ದರೆ ಹಾಡು ಕುಂಟುತ್ತದೆ. ಅಂಗಡಿಯಲ್ಲಿ ಯಮನೂರಪ್ಪ ಕೇಳಿಸಿಕೊಂಡದ್ದು ಆ ಕುಂಟನ್ನು.

ಅವನ ಅಪ್ಪ ಕುಡಚಡೆಯ ಸ್ಟೇಷನ್ನಿನಲ್ಲಿ ಅದಿರು ತುಂಬುತ್ತಿದ್ದವನು, ವಿಜಯಪುರದ ಕಡೆಯಿಂದ ಬಂದವನು. ಅವರ ಚಾಳಿನ ಪಕ್ಕದಲ್ಲಿ ಮದುವೆಗಳಲ್ಲಿ ಡ್ರಮ್ ಬಾರಿಸುವ ಮುದುಕನೊಬ್ಬನಿದ್ದ. ಅವನ ಪಡಸಾಲೆಯಲ್ಲಿ ಯಮನೂರಪ್ಪ ಕೈ ಕಲಿತ. ಕಾಲು ಕಲಿತದ್ದು ಫೋಂಡಾ ಪಕ್ಕದ ಕುಂಡಯಿಯ ಕಾರ್ಖಾನೆಯಲ್ಲಿ. ಗಣಿಗಳು ನಿಂತ ಮೇಲೆ ಮನೆಯವರೆಲ್ಲ ಅಲ್ಲಿಗೆ ಬಂದರು, ಅವನು ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸಿಗೆ ಸೇರಿದ. ತಗಡಿನ ಬಿಲ್ಲೆಯನ್ನು ಕೈಯಿಂದ ಅಚ್ಚಿನ ಮೇಲೆ ಇಡಬೇಕು, ಕಾಲಿನಿಂದ ಪೆಡಲು ಒತ್ತಬೇಕು, ಪ್ರೆಸ್ಸು ಬಿದ್ದು ಎದ್ದ ಮೇಲೆ ಮುಚ್ಚಳವನ್ನು ತೆಗೆಯಬೇಕು. ದಿನಕ್ಕೆ ಎಂಟು ಗಂಟೆ. ಎಲ್ಲರೂ ಬಲಗಾಲಿನಿಂದ ಒತ್ತುತ್ತಿದ್ದರು. ಇವನೊಬ್ಬ ಸ್ಟೂಲನ್ನು ಪಕ್ಕಕ್ಕೆ ಸರಿಸಿಕೊಂಡು ಊಟದ ಮುಂಚೆ ಬಲಗಾಲು, ಊಟದ ನಂತರ ಎಡಗಾಲು ಎಂದು ಮಾಡಿಕೊಂಡಿದ್ದ. ಸೂಪರ್‌ವೈಸರ್ ಬಂದು ಡೊಂಕಾಗಿ ಯಾಕೆ ಕೂತಿದ್ದೀಯ ಎಂದು ಬೈದಾಗ ಇವನು ಹೇಳಿದ ಉತ್ತರವನ್ನು ನನಗೆ ಹತ್ತು ಸಲವಾದರೂ ಹೇಳಿರಬೇಕು: "ಒಂದ ಕಾಲಿಗೆ ಪಗಾರ ಕೊಡತೀರಿ, ಇನ್ನೊಂದು ಪುಕ್ಕಟೆ ದುಡೀತೈತಿ. ನಿಮಗೇನ ಲುಕ್ಸಾನ್ರಿ?"

ಮೂರನೆಯವನು ಜೋಕಿ, ನಮ್ಮ ಹಾಡುಗಾರ. ಕುಡಚಡೆಯವನು, ಮನೆಮಾತು ಕೊಂಕಣಿ, ಲಾರಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ. ಲಾರಿ ತುಂಬುವ ನಮ್ಮ ಕಡೆಯವರಿಂದ ಕನ್ನಡ ಕಲಿತಿದ್ದರಿಂದ ಅವನ ಕನ್ನಡದಲ್ಲಿ ತಪ್ಪಿಲ್ಲದೆ ಬರುತ್ತಿದ್ದುದು ಬೈಗುಳ ಮಾತ್ರ. ನನ್ನನ್ನು ಪಾತ್ರಾಂವ, ಅಂದರೆ ಯಜಮಾನ, ಎಂದು ಕರೆಯುತ್ತಿದ್ದ. ಅದು ಮರ್ಯಾದೆಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಗಿಟಾರು ನುಡಿಸುತ್ತಿದ್ದೆ, ರೆಕಾರ್ಡಿಂಗೂ ನನ್ನದೇ.

ಫೋಂಡಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಬಾಗಿಲೆಳೆದುಕೊಂಡು ಮಲಗುತ್ತವೆ. ನಮ್ಮ ಅಂಗಡಿಯ ಮೇಲಿನ ಗೋದಾಮು ಆಗ ನಮ್ಮದು. ನಾಲ್ಕೂ ಗೋಡೆಗೆ ಸೂಟಿಂಗ್ ಬಟ್ಟೆಯ ಗಂಟುಗಳನ್ನು ಎದೆಮಟ್ಟ ಒಟ್ಟಿದರೆ ಶಬ್ದ ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಪ್ರತಿಧ್ವನಿಯೂ ಇರುತ್ತಿರಲಿಲ್ಲ. ಮೊದಲ ಪಾಳಿ ಮುಗಿಸಿ ಯಮನೂರಪ್ಪ ಎರಡೂವರೆಯ ಹೊತ್ತಿಗೆ ಬಂದು ಮುಟ್ಟುತ್ತಿದ್ದ. ಮೈಗೆ ಪ್ರೆಸ್ಸಿನ ಎಣ್ಣೆಯ ವಾಸನೆ. ಬೂಟು ಬಿಚ್ಚಿ, ಎಡಗಾಲಿನ ಹರಡನ್ನು ಶೇಂಗಾ ಎಣ್ಣೆಯಿಂದ ತಿಕ್ಕಿ, ಬರಿಗಾಲಲ್ಲಿ ಪೆಡಲಿನ ಮೇಲೆ ಕೂರುತ್ತಿದ್ದ. ನಮಗೆ ಸಿಗುತ್ತಿದ್ದುದು ದಿನಕ್ಕೆ ಒಂದೂವರೆ ಗಂಟೆ.

ಹಾಡಿನ ಹೆಸರು ಹದಿನೇಳು. ಅದರ ಮುಖ್ಯ ಸುತ್ತಿನಲ್ಲಿ ಹದಿನೇಳು ಮಾತ್ರೆ. ಅದನ್ನು ನಾನು ಕಾಗದದ ಮೇಲೆ ಬರೆದು, ಬಾಣ ಎಳೆದು, ವಿಶ್ವವಿದ್ಯಾಲಯದಲ್ಲಿ ಕಲಿಸಿದಂತೆ ವಿವರಿಸಿದೆ. ಅವನು ಕಾಗದ ಮುಟ್ಟಲಿಲ್ಲ. ಗಿಟಾರಿನಲ್ಲಿ ಒಮ್ಮೆ ನುಡಿಸಿ ತೋರಿಸಿರಿ ಎಂದ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಕೇಳಿದ. ಆಮೇಲೆ ಗಟ್ಟಿಯಾಗಿ ಹೇಳಿದ: "ಹಾಕು, ಒತ್ತು, ತಗಿ. ಇಂಥಾವು ಐದು. ಆಮ್ಯಾಲೆ ತಗಡು ಸಿಕ್ಕೊಂಡತಿ. ಹಾಕು, ತಗಿ. ಅಷ್ಟ ಹೌದಲ್ರಿ?"

ಬಿಲ್ಲೆ ಹಾಕು, ಪೆಡಲು ಒತ್ತು, ಮುಚ್ಚಳ ತೆಗೆ: ಮೂರು. ಬಿಲ್ಲೆ ಅಡ್ಡ ಸಿಕ್ಕಿಕೊಂಡರೆ ಒತ್ತಬಾರದು, ಹಾಕಿದ್ದನ್ನು ಹಾಗೇ ತೆಗೆಯಬೇಕು: ಎರಡು. ಐದು ಮೂರಲೆ ಹದಿನೈದು, ಮೇಲೆ ಎರಡು. ನಾನು ಎರಡು ವಾರ ಎಣಿಸಿ ಎಣಿಸಿ ತಪ್ಪಿದ್ದನ್ನು ಅವನು ಅರ್ಧ ನಿಮಿಷದಲ್ಲಿ ಕಾಲಿಗೆ ಇಳಿಸಿಕೊಂಡ. ಕೈ ಬೇರೆ ಲೆಕ್ಕದಲ್ಲಿತ್ತು. ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿಗೆ ಕೋಲನ್ನು ಒರಗಿಸಿ, ಒಂದೇ ಕೈಯ ಏರಿಳಿತದಲ್ಲಿ ಎರಡೆರಡು ಪೆಟ್ಟು ತೆಗೆಯುತ್ತಿದ್ದ. ಇದೆಲ್ಲ ಮೊದಲ ದಿನವೇ ಆಯಿತು ಎಂದು ನನ್ನ ನೆನಪು. ಇಲ್ಲ, ವಾರ ಹಿಡಿಯಿತು ಎನ್ನುತ್ತಾನೆ ಜೋಕಿ. ಇರಬಹುದು.

ಹದಿನೇಳರ ಸುತ್ತು ಮುಗಿದು, ಹಾಡು ಇದ್ದಕ್ಕಿದ್ದಂತೆ ಅರ್ಧ ವೇಗಕ್ಕೆ ಕುಸಿಯುವ ಒಂದು ಜಾಗವಿದೆ. ಅಲ್ಲಿ ಎಲ್ಲ ವಾದ್ಯವೂ ಒಟ್ಟಿಗೆ ಬೀಳಬೇಕು. ಕೊನೆಯ ತಗಿಯ ನಂತರ ಅವನ ಎಡಗಾಲು ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಪ್ರತಿ ಸಲವೂ ಅಷ್ಟೇ ತಡ. ಚಾವಣಿ ಬೀಳುವ ಮುಂಚೆ ಒಂದು ಕ್ಷಣ ಗಾಳಿಯಲ್ಲಿ ನಿಂತಂತೆ. ನಾನು ಅದನ್ನು ತಪ್ಪೆಂದು ಹೇಳಿದೆ. ಅವನಿಗೆ ಆಶ್ಚರ್ಯವಾಯಿತು. "ಸಿಕ್ಕೊಂಡ ತಗಡ ತಗದ ಮ್ಯಾಲೆ ಕೈ ಹೊರಗ ಬಂದೈತೋ ಇಲ್ಲೋ ನೋಡಬೇಕಲ್ರಿ ಅಣ್ಣಾರ" ಅಂದ. "ನೋಡದ ಒತ್ತಿದವರು ನಮ್ಮ ಲೈನಿನಾಗ ಮೂರು ಮಂದಿ ಅದಾರ. ಹತ್ತ ಬೆರಳ ಯಾರಿಗೂ ಇಲ್ಲ." ತನ್ನ ಹತ್ತೂ ಬೆರಳನ್ನು ನನ್ನ ಮುಖದೆದುರು ಅಗಲಿಸಿ ಹಿಡಿದು ನಕ್ಕ.

ಆ ಹೊತ್ತಿಗೆ ಅವನು ನನ್ನನ್ನು ಸಾವಕಾರ ಎನ್ನುವುದನ್ನು ಬಿಟ್ಟಿದ್ದ.

ಹಾಡಿನ ಮುಖಚಿತ್ರಕ್ಕೆ ಹೆಸರು ಹಾಕುವಾಗ ಜೋಕಿ, ಬರೀ ಯಮ ಎಂದು ಹಾಕೋಣ, ನೋಡಿದವರಿಗೆ ಜ್ವರ ಬರಬೇಕು ಎಂದ. ಯಮನೂರಪ್ಪ ಒಪ್ಪಲಿಲ್ಲ. "ನಮ್ಮವ್ವ ಯಮನೂರಿಗೆ ನಡಕೊಂತ ಹೋಗಿ ಹರಕಿ ತೀರಿಸಿ ಇಟ್ಟ ಹೆಸರೈತಿ. ನೀ ಅರ್ಧಕ್ಕ ಮುರೀಬ್ಯಾಡ" ಎಂದ. ಪೂರ್ತಿ ಹೆಸರನ್ನೇ ಹಾಕಿದೆವು. ಆ ಹಾಡಿನಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಎರಡೇ ಸಂಗತಿ. ಹೆಸರು ಮೊದಲನೆಯದು.

ಎರಡನೆಯದು ಇದು. ರೆಕಾರ್ಡಿಂಗ್ ಮುಗಿದ ಮೇಲೆ ನಾನು ಒಂದು ತಿಂಗಳು ಕಂಪ್ಯೂಟರಿನ ಮುಂದೆ ಕುಳಿತು ಹಾಡನ್ನು ಶುಚಿ ಮಾಡಿದೆ. ಈ ಸಂಗೀತದಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ದೊಡ್ಡ ಡ್ರಮ್ಮಿನ ಪ್ರತಿ ಪೆಟ್ಟಿನ ಜಾಗದಲ್ಲಿ ಒಂದೇ ಒಂದು ಚೊಕ್ಕ ಪೆಟ್ಟಿನ ಶಬ್ದವನ್ನು ಕೂರಿಸುತ್ತಾರೆ. ತೆರೆಯ ಮೇಲೆ ಸಮಾನ ಅಂತರದ ಗೆರೆಗಳಿರುತ್ತವೆ. ಗೆರೆಯಿಂದ ಆಚೀಚೆ ಇರುವ ಪೆಟ್ಟುಗಳನ್ನೆಲ್ಲ ಎಳೆದು ಗೆರೆಗೆ ಸೇರಿಸುತ್ತಾರೆ. ಯಂತ್ರದಂತೆ ಕೇಳಿಸುವ ಮನುಷ್ಯ ಬೇಕು ಇವರಿಗೆ. ನನಗೂ ಬೇಕಿತ್ತು. ಯಮನೂರಪ್ಪನ ಪೆಟ್ಟುಗಳಲ್ಲಿ ಹೆಚ್ಚಿನವು ಗೆರೆಯ ಮೇಲೆಯೇ ಇದ್ದವು, ಅದೇ ಆಶ್ಚರ್ಯ. ಕುಸಿಯುವ ಜಾಗದ ಆ ಒಂದು ಪೆಟ್ಟು ಮಾತ್ರ ಹಾಡಿನುದ್ದಕ್ಕೂ ಹೊರಗಿತ್ತು. ಅದನ್ನೂ ಎಳೆದು ಗೆರೆಗೆ ತಂದೆ. ಮುಂಚೆಯೇ ಅವನನ್ನು ಕೇಳಿದ್ದೆ, ಅವನು ತಲೆಯಾಡಿಸಿದ್ದ ಎಂದು ನಾನು ಬಹಳ ದಿನ ನಂಬಿದ್ದೆ. ಅವನು ಬೂಟು ಬಿಚ್ಚುವಾಗ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದ.

ಮುಗಿದ ಹಾಡನ್ನು ಅವನು ಬಟ್ಟೆಯ ಗಂಟಿನ ಮೇಲೆ ಕುಳಿತು ಹೆಡ್‌ಫೋನಿನಲ್ಲಿ ಕೇಳಿದ. ಎಡಗಾಲು ಹಾಡಿನ ಜೊತೆ ಓಡುತ್ತಿತ್ತು. ಕುಸಿಯುವ ಜಾಗ ಬಂದಾಗ ಮುಂಗಾಲು ಎತ್ತಿ ತಡೆದ. ಹಾಡು ಆಗಲೇ ಬಿದ್ದು ಮುಂದೆ ಹೋಗಿತ್ತು. ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು. ಹೆಡ್‌ಫೋನು ತೆಗೆದು, "ಇಲ್ಲಿ ಕೈ ಹೋತ್ರಿ ಅಣ್ಣಾರ" ಅಂದ.

ನಾನು ನಕ್ಕು, ಕೇಳುವವರಿಗೆ ಹೀಗೇ ಬೇಕು ಎಂದೆ. ಅವನು ವಾದ ಮಾಡಲಿಲ್ಲ. ಉಳಿದದ್ದೆಲ್ಲ ನಿಮ್ಮ ಮನಸ್ಸಿಗೆ ಬಂದಂತೆ ಇರಲಿ, ಅದೊಂದು ಪೆಟ್ಟನ್ನು ಇದ್ದ ಜಾಗಕ್ಕೆ ಇಡಿ ಎಂದು ಕೇಳಿಕೊಂಡ. ಇಡುತ್ತೇನೆ ಎಂದೆ. ಇಡಲಿಲ್ಲ. ಆ ವಾರವೇ ಹಾಡನ್ನು ಇಂಟರ್ನೆಟ್ಟಿಗೆ ಹಾಕಿದೆ. ಮರುವಾರ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹೋಯಿತು. ಬಳಸದ ಫೈಲುಗಳನ್ನು ಅಳಿಸಲೇ ಎಂದು ಅದು ಕೇಳಿತು. ಅಳಿಸು ಎಂದೆ. ಖಚಿತವೇ ಎಂದು ಮತ್ತೆ ಕೇಳಿತು. ಒಂದು ಜಡ ಯಂತ್ರ ಎರಡು ಸಲ ಕೇಳಿತು. ಪ್ರಯೋಗಾಲಯದಲ್ಲಿ ಮೂಲ ಅಳತೆಗಳನ್ನು ಎಂದೂ ಅಳಿಸಬಾರದೆಂದು ಪಾಠ ಕಲಿತು ಬಂದ ನಾನು ಎರಡು ಸಲವೂ ಹೌದು ಎಂದೆ. ಅವನು ಬಾರಿಸಿದ ಮೂಲ ಅಲ್ಲಿಗೆ ಮುಗಿಯಿತು.

ಕಂಪ್ಯೂಟರಿನ ಡ್ರಮ್ಮು ಎಂಬ ಮಾತು ಹದಿನೈದು ದಿನದಲ್ಲಿ ಶುರುವಾಯಿತು. ಹೊಗಳಿಕೆಯೂ ಅದೇ, ಬೈಗುಳವೂ ಅದೇ. ಪಣಜಿಯಲ್ಲಿ ಒಂದು ಮೆಟಲ್ ಉತ್ಸವ ನಡೆಸುವವರು ನಮ್ಮನ್ನು ಕರೆಯಬೇಕೆಂದಿದ್ದರಂತೆ. ಅವರಿಗೂ ಅನುಮಾನ ಬಂತು. ತಿದ್ದದ ಡ್ರಮ್ ರೆಕಾರ್ಡಿಂಗ್ ಕಳಿಸಿ ಎಂದರು. ನನ್ನಲ್ಲಿ ಇರಲಿಲ್ಲ. ಅವರು ಕೇಳಿದ್ದನ್ನಷ್ಟೇ ಯಮನೂರಪ್ಪನಿಗೆ ಹೇಳಿದೆ, ಅಳಿಸಿದ್ದನ್ನು ಹೇಳಲಿಲ್ಲ. ಅವನಿಗೆ ಅದು ದೊಡ್ಡ ವಿಷಯವೇ ಅನ್ನಿಸಲಿಲ್ಲ. "ರೆಕಾರ್ಡ್ ಯಾಕ ಬೇಕ್ರಿ? ನಾ ಇನ್ನೂ ಸತ್ತಿಲ್ಲ. ಅವರ ಮುಂದ ಕುಂತು ಬಾರಿಸತೇನಿ" ಎಂದ.

ಅರ್ಧ ದಿನದ ರಜೆ ಹಾಕಿ, ಪೆಡಲುಗಳನ್ನು ಹಿಟ್ಟಿನ ಚೀಲದಲ್ಲಿ ಹಾಕಿಕೊಂಡು, ಕಾರ್ಖಾನೆಯ ನೀಲಿ ಅಂಗಿಯಲ್ಲೇ ನಮ್ಮ ಜೊತೆ ಪಣಜಿಯ ಸಭಾಂಗಣಕ್ಕೆ ಬಂದ. ಬಾಗಿಲಲ್ಲಿದ್ದವನು ಅವನನ್ನು ನೋಡಿ, ಸ್ಪೀಕರುಗಳು ಹಿಂದಿನ ಬಾಗಿಲಲ್ಲಿವೆ, ಬೇಗ ಎತ್ತಿ ತಾ ಎಂದು ಹಿಂದಿಯಲ್ಲಿ ಹೇಳಿದ. ಜೋಕಿ ಕೊಂಕಣಿಯಲ್ಲಿ ಅವನ ತಾಯಿಯನ್ನು ನೆನೆದ. ಯಮನೂರಪ್ಪ ಒಂದು ಸ್ಪೀಕರನ್ನು ನಿಜವಾಗಿಯೂ ಎತ್ತಿ ತಂದಿಟ್ಟು, "ಹೆಂಗೂ ಒಳಗ ಬರಾವನ ಇದ್ನಲ್ಲ" ಎಂದು ಚೀಲ ಬಿಚ್ಚಿದ.

ಅವನು ಬಾರಿಸಿದ. ಐದು ನಿಮಿಷ. ಬರಿಗಾಲಲ್ಲಿ. ಅದನ್ನು ವರ್ಣಿಸುವ ಪ್ರಯತ್ನ ಮಾಡುವುದಿಲ್ಲ. ಉತ್ಸವದವರು ಇಬ್ಬರಿದ್ದರು. ಒಬ್ಬ ಫೋನಿನಲ್ಲಿ ನಮ್ಮ ಹಾಡನ್ನು ಹಾಕಿಕೊಂಡು ಒಂದು ಕಿವಿಯಲ್ಲಿ ಅದನ್ನು, ಇನ್ನೊಂದರಲ್ಲಿ ಇವನನ್ನು ಕೇಳುತ್ತಿದ್ದ. ಮುಗಿದ ಮೇಲೆ ಕೈ ಚೆನ್ನಾಗಿದೆ ಎಂದ. ಆದರೆ ರೆಕಾರ್ಡಿನಲ್ಲಿ ಕುಸಿಯುವ ಜಾಗ ಕರಾರುವಾಕ್ಕಾಗಿದೆ, ಇವನು ಅಲ್ಲಿ ಪ್ರತಿ ಸಲ ತಡ ಮಾಡುತ್ತಾನೆ, ಆದ್ದರಿಂದ ರೆಕಾರ್ಡು ಇವನದಲ್ಲ ಎಂದು ತೀರ್ಮಾನ ಕೊಟ್ಟ. ಇನ್ನೊಬ್ಬ ಉದಾರಿ: ಬೇಕಿದ್ದರೆ ಉತ್ಸವದಲ್ಲಿ ರೆಕಾರ್ಡನ್ನೇ ಹಾಕಿ, ಇವನು ಮೇಲೆ ಮೇಲೆ ಕೈಯಾಡಿಸಲಿ, ಜನಕ್ಕೆ ಗೊತ್ತಾಗುವುದಿಲ್ಲ ಎಂದ. ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಯಮನೂರಪ್ಪ ನನ್ನ ಮುಖ ನೋಡಿದ. ಮಾತಿನ ಅರ್ಥ ಕೇಳುವುದಕ್ಕೆ ಎಂದುಕೊಂಡೆ.

ಆಗ ನಾನು ಹೇಳಿದೆ. ಆ ತಡ ಅವನದೇ, ರೆಕಾರ್ಡಿನಲ್ಲಿ ಅದನ್ನು ತಿದ್ದಿದವನು ನಾನು ಎಂದು ಗಟ್ಟಿಯಾಗಿ ಹೇಳಿದೆ. ಸಭಾಂಗಣದ ಹಳದಿ ಗೋಡೆ, ಮೇಲೆ ತಿರುಗುತ್ತಿದ್ದ ಫ್ಯಾನು, ಎಲ್ಲವೂ ನೆನಪಿದೆ.

ವಾರದ ನಂತರ ಜೋಕಿಯ ಅಂಗಡಿಯಲ್ಲಿ ಮಾತಿಗೆ ಇದನ್ನು ಎತ್ತಿದೆ. ಇಷ್ಟು ಸ್ಪಷ್ಟವಾಗಿ ಹೇಳಿದರೂ ಅವರು ಕೇಳಲಿಲ್ಲವಲ್ಲ ಎಂದೆ. ಅವನು ಕೈಯಲ್ಲಿದ್ದ ಬೇರಿಂಗನ್ನು ಕೆಳಗಿಟ್ಟ. "ಪಾತ್ರಾಂವ, ನೀ ಕೇಬಲ್ ಸುತ್ತಾಕತ್ತಿದ್ದಿ ರೇ. ತಲಿ ಬಗ್ಗಿಸಿ ಸುತ್ತಾಕತ್ತಿದ್ದಿ. ಅಂವ ಪೆಡಲು ಚೀಲಕ್ಕ ಹಾಕೋ ತನಾ ನೀ ಬಾಯಿ ಬಿಡಲಿಲ್ಲ."

ಅವನ ಮೇಲೆ ರೇಗಿದೆ. ಕುಡಿದಿದ್ದೆಯಾ ಎಂದು ಕೇಳಿದೆ. ಆ ಸಭಾಂಗಣಕ್ಕೆ ಮತ್ತೆ ಹೋಗಿ ನೋಡಿದೆ. ಗೋಡೆ ಹಳದಿಯೇ. ಚಾವಣಿಯಲ್ಲಿ ಫ್ಯಾನಿಲ್ಲ, ಕೊಕ್ಕೆಯೂ ಇಲ್ಲ.

ಅಂದಿನಿಂದ ಯಮನೂರಪ್ಪ ಗೋದಾಮಿಗೆ ಬರಲಿಲ್ಲ, ಫೋನು ಎತ್ತಲಿಲ್ಲ. ಡ್ರಮ್ಮಿನ ಕೆಳಗೆ ಹಾಸಿದ್ದ ಪ್ಲೈವುಡ್ಡಿನಲ್ಲಿ ಅವನ ಎರಡು ಹಿಮ್ಮಡಿಗಳ ಗುಳಿಗಳಿದ್ದವು. ಸ್ಕೇಲಿನಿಂದ ಅಳೆದೆ. ಎರಡೂ ಒಂದೇ ಆಳ. ಅಪ್ಪ ಅದರ ಮೇಲೆ ಪರದೆ ಬಟ್ಟೆಯ ಗಂಟುಗಳನ್ನು ಇಳಿಸಿದರು. ಜಾಗ ಖಾಲಿ ಯಾಕಿರಬೇಕು ಎಂದರು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕುಂಡಯಿಗೆ ಹೋದೆ. ಯಮನೂರಪ್ಪನ ಬಾಡಿಗೆ ಖೋಲಿಯ ಮುಂದೆ ವ್ಯಾನೊಂದು ನಿಂತಿತ್ತು. ಅವನ ಮಾವನದಂತೆ. ಪಾತ್ರೆ, ಹಾಸಿಗೆ, ಗ್ಯಾಸಿನ ಒಲೆ ಎಲ್ಲ ಒಳಗೆ ತುಂಬಿ, ತಾಯಿಯೂ ಹತ್ತಿ ಕುಳಿತಿದ್ದಳು. ಕಾರ್ಖಾನೆಗೆ ತಾನೇ ಹಾಕಿ ತಾನೇ ತೆಗೆಯುವ ಪ್ರೆಸ್ಸು ಬಂದಿದೆ, ಕಾಲಿನಿಂದ ಒತ್ತುವವರನ್ನೆಲ್ಲ ಬಿಡಿಸಿದ್ದಾರೆ, ಬೆಳಗಾವಿಯಲ್ಲಿ ಮಾವನ ವರ್ಕ್‌ಶಾಪಿನಲ್ಲಿ ಕೆಲಸವಿದೆ ಎಂದು ಯಮನೂರಪ್ಪ ಹೇಳಿದ. ಪೆಡಲುಗಳು ಎಲ್ಲಿ ಎಂದು ಕೇಳಿದೆ. ಜೋಕಿಗೆ ಕೊಟ್ಟಿದ್ದನಂತೆ. ನಿಂತು ಮಾತಾಡುವಾಗ ಅವನ ಕಾಲಿನ ಕಡೆಗೇ ನೋಡುತ್ತಿದ್ದೆ. ಅದು ಸುಮ್ಮನಿತ್ತು.

ಅಲ್ಲಿ ನಮ್ಮ ಮಾತಿಗೆ ಸಾಕ್ಷಿ ಯಾರೂ ಇಲ್ಲ. ತಾಯಿಗೆ ಕಿವಿ ಮಂದ, ಮಾವ ಎಂಜಿನ್ ಚಾಲೂ ಮಾಡಿದ್ದ. ಅವನು ವ್ಯಾನು ಹತ್ತಿ ಕುಳಿತ ಮೇಲೆ, ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು ನಾನು ಕೇಳಿಯೇಬಿಟ್ಟೆ. ಪಣಜಿಯಲ್ಲಿ ಆ ದಿನ ನಾನು ಹೇಳಿದೆನೋ ಇಲ್ಲವೋ?

ಅವನು ತಕ್ಷಣ ಉತ್ತರ ಕೊಟ್ಟ. "ಹೇಳಿದ್ದರ ಇವತ್ತ ಕೇಳಾಕ ಬರತಿದ್ದಿಲ್ರಿ ಸಾವಕಾರ್ರ."

ನಾನು ಏನೋ ಹೇಳಲು ಹೊರಟೆ. ಆ ಪೆಟ್ಟನ್ನು ಮತ್ತೆ ಇದ್ದ ಜಾಗಕ್ಕೆ ಇಡುತ್ತೇನೆ ಎಂದೋ ಏನೋ. ಎಲ್ಲಿಡಬೇಕೆಂದು ತೋರಿಸುವ ಅಳತೆಯನ್ನೇ ಅಳಿಸಿದ್ದೇನೆ ಎಂದು ಆಗಲೂ ಅವನಿಗೆ ಹೇಳಲಿಲ್ಲ. ವ್ಯಾನು ಮುಂದಕ್ಕೆ ಜಗ್ಗಿತು.

"ಕೈ ತಗೀರಿ" ಅಂದ.

ತೆಗೆದೆ. ಜಾರುಬಾಗಿಲಿನ ಹಿಡಿಕೆ ಅವನ ಕೈಯಲ್ಲಿತ್ತು. ಎಳೆಯಲಿಲ್ಲ. ಕೂದಲೆಳೆಯಷ್ಟು ತಡೆದ. ಕಣ್ಣು ಇಳಿಸಿ ನನ್ನ ಬೆರಳುಗಳು ಹೊರಗೆ ಬಂದಿವೆಯೇ ಎಂದು ನೋಡಿದ. ಆಮೇಲೆ ಬಾಗಿಲನ್ನು ಎಳೆದು ಬಡಿದ.